ಸಾನ್‌ಫ್ರಾನ್ಸಿಸ್ಕೋದಿಂದ ಸಿಂದಗಿಗೆ ಎಷ್ಟು ತಾಸು?

ಪರದೇಶದಲ್ಲಿ ಮಗಳಿರುವ ತಾಯಂದಿರೇ, ಈ ಲೆಕ್ಕ ನಿಮ್ಮ ಮನೆಯಲ್ಲೂ ಎಂದಾದರೂ ಬಂದಿರಬೇಕು. ಸಿಂದಗಿಯಲ್ಲಿರುವ ನನ್ನ ಅಕ್ಕನ ಮಗಳು ಸಾನ್‌ಫ್ರಾನ್ಸಿಸ್ಕೋದಲ್ಲಿದ್ದಾಳೆ. ಎಷ್ಟು ದೂರವೆಂದು ಅಕ್ಕ ಕೇಳಿದಾಗ, ಬೆಂಗಳೂರಿನಿಂದ ಆಕಾಶಮಾರ್ಗದಲ್ಲಿ ಸುಮಾರು 14,000 ಕಿಲೋಮೀಟರ್ ಎಂದೆ.

"ಕಿಲೋಮೀಟರ್ ತಗೊಂಡು ಏನ್ ಮಾಡ್ಲಿ ತಂಗಿ? ನಾಳೆ ನಾ ಹೋದೆನಂದ್ರ ಅಕಿ ಮಣ್ಣಿಗಿ ಬಂದು ಮುಟ್ಟತಾಳೋ ಇಲ್ಲೋ, ಅಷ್ಟ ಹೇಳು" ಅಂದಳು.

ನಮ್ಮ ಕಡೆ ಮಣ್ಣು ಮಾಡುವುದನ್ನು ಬಹಳ ಹೊತ್ತು ತಡೆಯುವುದಿಲ್ಲ. ನಾನು ಸುಮ್ಮನಾದೆ, ಆಮೇಲೆ ಲೆಕ್ಕಕ್ಕೆ ಕುಳಿತೆ.

ಮೊದಲು ಆಕಾಶದ ದಾರಿ. ಒಂದು ಇಂಡಿ ಲಿಂಬೆಹಣ್ಣು ತೆಗೆದುಕೊಳ್ಳಿ. ತೊಟ್ಟೇ ಉತ್ತರ ಧ್ರುವವೆನ್ನಿ. ಒಂದು ಮಗ್ಗುಲಿಗೆ ಬೆಂಗಳೂರು, ಹಿಂಬದಿಗೆ ತುಸು ಮೇಲೆ ಸಾನ್‌ಫ್ರಾನ್ಸಿಸ್ಕೋ ಎಂದು ಚುಕ್ಕೆ ಇಟ್ಟು, ನಡುವೆ ದಾರ ಬಿಗಿಯಿರಿ. ದಾರ ಹಣ್ಣಿನ ನಡು ಸುತ್ತುವುದಿಲ್ಲ, ತೊಟ್ಟಿನ ಹತ್ತಿರದಿಂದ ಹಾಯುತ್ತದೆ. ಹತ್ತಿರದ ದಾರಿ ಅದೇ!

ಆ ದಾರಿಯಲ್ಲಿ ಹೆಣ್ಣುಮಕ್ಕಳೇ ವಿಮಾನ ನಡೆಸಿದ್ದಾರೆ. 2021ರ ಜನವರಿ 9ರ ರಾತ್ರಿ ಸಾನ್‌ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವನ್ನು ಕ್ಯಾಪ್ಟನ್ ಝೋಯಾ ಅಗರ್ವಾಲ್ ಹಾಗೂ ಸಂಗಡದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ತಂದು ಬೆಂಗಳೂರಿನಲ್ಲಿ ಇಳಿಸಿದರು. ಹಾರಿದ್ದು ಸುಮಾರು 17 ತಾಸು. ಆದರೆ ಇಳಿದಾಗ ಇಲ್ಲಿ ಜನವರಿ 11ರ ನಸುಕು! ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಫೋನು ಮಾಡುವಾಗಲೂ ಇದು ನೆನಪಿರಲಿ: ಬೇಸಿಗೆಯಲ್ಲಿ ನಮ್ಮ ರಾತ್ರಿ ಎಂಟಕ್ಕೆ ಅಲ್ಲಿ ಬೆಳಗಿನ ಏಳೂವರೆ.

ನೇರ ವಿಮಾನ ಸಿಗದೆ ನಡುವೆ ಎಲ್ಲಾದರೂ ಇಳಿದು ಹತ್ತಬೇಕಾದರೆ 20 ತಾಸು ದಾಟುತ್ತದೆ.

ಇನ್ನು ನೆಲದ ದಾರಿ. ದೇವನಹಳ್ಳಿಯಲ್ಲಿ ಇಳಿದ ಮಗಳು ಸಿಂದಗಿಗೆ ಬರಲು ಐನೂರಕ್ಕೂ ಹೆಚ್ಚು ಕಿಲೋಮೀಟರ್ ದಾಟಬೇಕು. ರಾತ್ರಿ ಬಸ್ಸಿಗೆ ಕಾಯುವಂತಿಲ್ಲ. ಕಾರು ಮಾಡಿದರೂ ಹತ್ತು ತಾಸು ಬೇಕು. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ಸ್ಟೇಷನ್‌ಗಳಿವೆಯಲ್ಲ, ಎರಡೂ ಊರಿನಿಂದ ದೂರವೇ. ಅಲ್ಲಿ ಇಳಿದು ಮತ್ತೊಂದು ಗಾಡಿ ಹಿಡಿಯಬೇಕು.

ಈಗ ಕೂಡಿಸಿ ನೋಡ್ರಿ. ಅಲ್ಲಿ ವಿಮಾನ ಹತ್ತುವ ಮುಂಚೆ ಮೂರು ತಾಸು, ಹಾರಲು ಹದಿನೇಳು, ಇಳಿದು ತಪಾಸಣೆ ಮುಗಿಸಿ ಪೆಟ್ಟಿಗೆ ಹಿಡಿಯಲು ಎರಡು, ಕಾರಿಗೆ ಹತ್ತು. ಎಲ್ಲ ಸುಸೂತ್ರವಾದರೂ ಮೂವತ್ತೆರಡು ತಾಸು. ಟಿಕೆಟ್ ಸಿಗುವ ಹೊತ್ತು ಬೇರೆ. ಪಾಸ್‌ಪೋರ್ಟ್, ವೀಸಾಗಳ ಅವಧಿ ಮುಗಿದಿದ್ದರಂತೂ ಕೇಳಲೇಬೇಡಿ. ಮಗಳಿಗೆ ಇದನ್ನು ಈಗಲೇ ನೆನಪಿಸಿರಿ.

ಲೆಕ್ಕದ ಚೀಟಿಯನ್ನು ಅಕ್ಕನಿಗೆ ಓದಿ ಹೇಳಿದೆ. ಅಳುತ್ತಾಳೇನೋ ಎಂದು ಅಂಜಿದ್ದೆ. ಅಕ್ಕ ಶೇಂಗಾ ಹಿಂಡಿ ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ಹಂಗಾರ ಮಣ್ಣಿಗಿ ಬರೂದು ಬ್ಯಾಡ ಬಿಡು. ಎಳ್ಳಮಾಸಿಗಿ ಬಾ ಅಂತ ಹೇಳು. ಕೂಡಿ ಹೊಲಕ್ಕ ಹೋಗಿ ಚರಗ ಚೆಲ್ಲೂಣು. ಸಾಯಾಕ ಬರೂಕಿಂತ ಉಣ್ಣಾಕ ಬರೂದು ಚಲೋ ಅಲ್ಲೇನು?"

ಅಂದೇ ರಾತ್ರಿ ಎಂಟಕ್ಕೆ ಫೋನು ಮಾಡಿದೆವು. ನೀವೂ ಮಾಡಿರಿ.