ಚಂಡೆಗೆ ಬೆಚ್ಚದ ಮರಿಗಳು

ಈ ಸೂಲಿನ ನಾಯಿಮರಿಗಳು ಚಂಡೆಯ ಸದ್ದಿನಲ್ಲೇ ನಿದ್ದೆ ಹೋಗುತ್ತವೆ. ನಿನ್ನೆ ಸಂಜೆ ಮೊಬೈಲಿನಲ್ಲಿ ಹಚ್ಚಿದ ಯಕ್ಷಗಾನದಲ್ಲಿ ಭಾಗವತರು ಏರುಪದಕ್ಕೆ ಬಂದು, ಚಂಡೆಯವರು ಕೈ ಬಿಟ್ಟು ಬಾರಿಸುತ್ತಿದ್ದ ಹೊತ್ತಿಗೆ ಎಲ್ಲವೂ ತಟ್ಟೆ ನೆಕ್ಕಿ ಮುಗಿಸಿ ಒಂದರ ಮೇಲೊಂದು ಬಿದ್ದು ಮಲಗಿದವು. ಕರಿ ಹೆಣ್ಣುಮರಿ ಮಾತ್ರ ಒಂದು ಕಿವಿ ಎತ್ತಿ ಮೊಬೈಲ್ ಇಟ್ಟಿದ್ದ ಗೂಡಿನತ್ತ ನೋಡಿತು, ಆಕಳಿಸಿತು, ತಮ್ಮನ ಹೊಟ್ಟೆಯ ಮೇಲೆ ತಲೆ ಇಟ್ಟಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಎಷ್ಟೋ ಹೊತ್ತು ನೋಡಿದೆ. ಹೊನ್ನಾವರದಂಥ ಊರಿನಲ್ಲಿ ಬದುಕಬೇಕಾದ ನಾಯಿಗೆ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ.

ಆ ಸಂತೋಷದಲ್ಲಿರುವಾಗಲೇ ಕುಮಟಾದಿಂದ ಫೋನು. "ಅಕ್ಕೋರೇ, ಮರಿಗೆ ತಿಂಗಳಾಯ್ತಲ್ಲ, ಇನ್ನೆಂತಕ್ಕೆ ಇಟ್ಕಂಡಿದ್ರಿ? ಸಣ್ಣದಿರುವಾಗ್ಲೇ ಕೊಟ್ರೆ ನಮ್ಮನೆಗೆ ಹೊಂದ್ಕಳ್ತದೆ. ದೊಡ್ಡದಾದ ಮೇಲೆ ಒಗ್ಗೂದಿಲ್ಲ." ಕೇಳಿದವರು ಒಳ್ಳೆಯ ಜನ. ಆದರೆ ಈ ಒಂದು ನಂಬಿಕೆ ಭಟ್ಕಳದಿಂದ ಕುಮಟಾದವರೆಗೆ ಮನೆಮನೆಯಲ್ಲೂ ಬೇರೂರಿದೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ತಿಂಗಳ ಮರಿಗೆ ಏನು ಗೊತ್ತಿರುತ್ತದೆ? ಕಣ್ಣು ಬಿಟ್ಟು ಎರಡು-ಎರಡೂವರೆ ವಾರವಷ್ಟೇ ಆಗಿರುತ್ತದೆ. ಹಾಲುಹಲ್ಲು ಆಗತಾನೆ ಬಂದಿರುತ್ತವೆ, ಸೂಜಿಯಷ್ಟು ಚೂಪು. ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯಬೇಕಾದದ್ದು ಇನ್ನು ಮುಂದೆ. ಅಣ್ಣನ ಕಿವಿ ಜೋರಾಗಿ ಕಚ್ಚಿದರೆ ಅಣ್ಣ ಕಿರುಚಿ ಆಟ ಬಿಟ್ಟು ಹೋಗುತ್ತಾನೆ. ಮೊಲೆ ಕಚ್ಚಿದರೆ ತಾಯಿ ಎದ್ದು ನಡೆಯುತ್ತಾಳೆ, ಹಿಂದೆ ಹೋದರೆ ಮೂತಿಯಿಂದ ನೆಲಕ್ಕೆ ಒತ್ತಿ ಒಂದು ಸಲ ಗುರುಗುಟ್ಟುತ್ತಾಳೆ. ಇದು ಐದನೆಯ ವಾರದಿಂದ ಎಂಟನೆಯ ವಾರದವರೆಗೆ ದಿನವೂ ನಡೆಯುವ ಪಾಠ. ನಲವತ್ತು ವರ್ಷ ಶಾಲೆಯಲ್ಲಿ ಕಲಿಸಿದರೂ ಮನುಷ್ಯರು ಈ ಪಾಠ ಹೇಳಿಕೊಡಲಾರರು. ಇಟಲಿಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 30ರಿಂದ 40 ದಿನಕ್ಕೇ ತಾಯಿಯಿಂದ ಬಿಡಿಸಿದ 70 ನಾಯಿಗಳನ್ನೂ, ಎರಡು ತಿಂಗಳಿಗೆ ಬಿಡಿಸಿದ 70 ನಾಯಿಗಳನ್ನೂ ಹೋಲಿಸಿದರು. ಬೇಗ ಬಿಡಿಸಿದವುಗಳಲ್ಲಿ ವಿಪರೀತ ಬೊಗಳುವುದು, ಸದ್ದಿಗೆ ಹೆದರುವುದು, ವಸ್ತುಗಳನ್ನು ಹರಿದುಹಾಕುವುದು ಹೆಚ್ಚಾಗಿ ಕಂಡವು. ಸಣ್ಣದಿರುವಾಗಲೇ ಒಯ್ದರೆ ಹೊಂದಿಕೊಳ್ಳುತ್ತದೆ ಎಂಬ ಮಾತು ಪೂರ್ತಿ ತಲೆಕೆಳಗು.

ಕಾನೂನೂ ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 18 ತಿಂಗಳಾಗದ ಹೆಣ್ಣಿಗೆ ಗಂಡು ಕೂಡಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನಕ್ಕೆ ಐದು ಮೀರಕೂಡದು. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಈ ನಿಯಮ ಬಂದಿದೆ ಎಂಬುದೇ ನಮ್ಮ ಕಡೆ ಬಹಳ ಜನ ಮಾರುವವರಿಗೆ ಬೇಕಾಗಿಲ್ಲ. ಅವರ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ನಾಲ್ಕು ವಾರದವರೆಗೆ ತಾಯಿಯೇ ಹಾಲು ಕೊಡುತ್ತದೆ, ತಾಯಿಯೇ ನೆಕ್ಕಿ ಸ್ವಚ್ಛ ಮಾಡುತ್ತದೆ. ಐದನೆಯ ವಾರದಿಂದ ಮರಿಗಳ ಊಟದ ಖರ್ಚು, ಹೇಲು ಬಾಚುವ ಕೆಲಸ, ಜಂತಿನ ಔಷಧ, ಮೊದಲ ಲಸಿಕೆ ಎಲ್ಲವೂ ಸಾಕಿದವರ ತಲೆಗೆ ಬೀಳುತ್ತವೆ. ಆ ಖರ್ಚು ಬರುವ ಮುಂಚೆಯೇ ಮರಿಯನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಕೈತೊಳೆದುಕೊಳ್ಳುತ್ತಾರೆ. ಪಾರ್ವೊ ವೈರಸ್ ಹತ್ತಿ ವಾರದಲ್ಲಿ ಸತ್ತರೆ "ನಿಮ್ಮನೆ ನೀರು ಆಗಲಿಲ್ಲ" ಎನ್ನುತ್ತಾರೆ. ಈ ಮಾತು ಕೇಳಿ ಅತ್ತ ಮಕ್ಕಳನ್ನು ನಾನು ಕಂಡಿದ್ದೇನೆ.

ಪಾರ್ವೊ ವಿಷಯ ಬಂದದ್ದಕ್ಕೆ ಒಂದು ಮಾತು. ಮರಿ ಸತ್ತ ಮನೆಯವರು ನೆಲವನ್ನು ಫಿನಾಯಿಲ್ ಹಾಕಿ ಒರೆಸಿ, ಎರಡು ವಾರಕ್ಕೆ ಇನ್ನೊಂದು ಮರಿ ತರುತ್ತಾರೆ. ಆ ವೈರಸ್ಸು ಫಿನಾಯಿಲಿಗೆ ಬಗ್ಗುವಂಥದ್ದಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅದು ಬಗ್ಗುವುದು ಬ್ಲೀಚಿಂಗಿಗೆ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ? ನೆಲವನ್ನು ಮೊದಲು ತೊಳೆದು, ಆಮೇಲೆ ಆ ಪುಡಿ ಕಲಸಿದ ನೀರು ಬಳಿದು ಹತ್ತು ನಿಮಿಷ ಬಿಡಬೇಕು. ನೆಲ ಕೊಳಕಿದ್ದರೆ ಬ್ಲೀಚಿಂಗ್ ಕೆಲಸ ಮಾಡುವುದಿಲ್ಲ.

ಇನ್ನು ಚಂಡೆ. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ತಾಲೂಕು ನಮ್ಮದು. ಮಳೆ ನಿಂತು ಗದ್ದೆ ಕೊಯ್ಲಾಯಿತೆಂದರೆ ಒಂದಲ್ಲ ಒಂದು ಬಯಲಿನಲ್ಲಿ ಆಟ. ಜೊತೆಗೆ ದೇವಸ್ಥಾನದ ಗರ್ನಾಲು, ಮದುವೆಯ ಪಟಾಕಿ, ಕೊಂಕಣ ರೈಲಿನ ಸೀಟಿ, ಜೂನಿನ ಸಿಡಿಲು. ಹೆದರಿದ ನಾಯಿ ಸರಪಳಿ ಹರಿದು ಓಡಿದರೆ ಸೇರುವುದು ಹೆದ್ದಾರಿಯನ್ನೇ. ಬೆಳಗ್ಗೆ ರಸ್ತೆಯಲ್ಲಿ ಸತ್ತು ಬಿದ್ದ ನಾಯಿಯ ಕತ್ತಿನಲ್ಲಿ ಪಟ್ಟಿ ಇದ್ದರೆ, ಹಿಂದಿನ ರಾತ್ರಿ ಎಲ್ಲಿ ಗರ್ನಾಲು ಹೊಡೆದರು ಎಂದು ಕೇಳಿದರೆ ಸಾಕು.

ಹಾಗಾಗಿ ಮೂರನೆಯ ವಾರ, ಕಿವಿ ತೆರೆದ ಮೇಲೆ, ನಾನು ಶುರು ಮಾಡುತ್ತೇನೆ. ಮೊದಲು ಬರೀ ಮದ್ದಳೆ, ಅದೂ ಪಕ್ಕದ ಕೋಣೆಯಿಂದ, ಕೇಳಿಯೂ ಕೇಳದಷ್ಟು. ಸದ್ದು ಮೊದಲು ಬರಬೇಕು, ತಟ್ಟೆ ಆಮೇಲೆ. ಮೊದಮೊದಲು ತಟ್ಟೆ ಖಾಲಿಯಾದ ಕೂಡಲೇ ಸದ್ದು ನಿಲ್ಲಬೇಕು. ಈ ಕ್ರಮವೇ ಮುಖ್ಯ. ಊಟದ ನಡುವೆ ಸದ್ದು ಹಚ್ಚಿದರೆ ಮರಿಗೆ ಊಟವೇ ಅನುಮಾನವಾಗುತ್ತದೆ. ಕೆಲವು ದಿನಕ್ಕೆ ಮದ್ದಳೆ ಕೇಳಿದರೇ ಬಾಲ ಅಲ್ಲಾಡುತ್ತದೆ, ಈಗ ಗಂಜಿ ಬರುತ್ತದೆ ಎಂದು. ಆಗ ಮೊಬೈಲನ್ನು ಮರಿಗಳ ಕೋಣೆಯ ಗೂಡಿಗೆ ತರುತ್ತೇನೆ. ಆಮೇಲೆ ಚಂಡೆ. ಯಾವುದಾದರೂ ಒಂದು ಮರಿ ಕಿವಿ ಹಿಂದಕ್ಕೆ ಒತ್ತಿ ಬಾಲ ಮಡಚಿತೋ, ಸದ್ದು ಇಳಿಸಿ ಹಿಂದಿನ ದಿನದ ಮಟ್ಟಕ್ಕೆ ಹೋಗಬೇಕು. ಐದು ಮರಿ ಧೈರ್ಯವಾಗಿದ್ದರೂ ಹೆದರಿದ ಒಂದರ ಲೆಕ್ಕದಲ್ಲೇ ನಡೆಯಬೇಕು. ಏಳನೆಯ ವಾರಕ್ಕೆ ಸ್ಪೀಕರ್ ಹಚ್ಚಬಹುದು. "ರೂಢಿಯಾಗ್ಲಿ" ಎಂದು ಮರಿಗಳ ಪಕ್ಕದಲ್ಲೇ ಪಟಾಕಿ ಸಿಡಿಸುವವರಿದ್ದಾರೆ. ಅದು ರೂಢಿ ಮಾಡುವುದಲ್ಲ, ಜೀವಮಾನದ ಹೆದರಿಕೆಯನ್ನು ಒಂದೇ ದಿನದಲ್ಲಿ ತುಂಬುವುದು. ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು 1965ರ ತಮ್ಮ ಪುಸ್ತಕದಲ್ಲಿ ಮೂರರಿಂದ ಹನ್ನೆರಡನೆಯ ವಾರವೇ ನಾಯಿಮರಿ ಲೋಕವನ್ನು ಒಪ್ಪಿಕೊಳ್ಳುವ ಕಾಲ ಎಂದು ತೋರಿಸಿಕೊಟ್ಟರು. ಆ ಅವಧಿಯ ಹೆಚ್ಚುಕಡಿಮೆ ಅರ್ಧ ಕಳೆಯುವುದು ಮರಿ ಹುಟ್ಟಿದ ಮನೆಯಲ್ಲಿ. ಕೊಳ್ಳುವವರು ಎಷ್ಟೇ ಪ್ರೀತಿಯಿಂದ ಸಾಕಿದರೂ ಆ ವಾರಗಳು ಮತ್ತೆ ಬರುವುದಿಲ್ಲ.

ನಮ್ಮದು ಮುಧೋಳ ತಳಿ. ಕರಾವಳಿಗೆ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಸರಳ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಲ್ಲಿ ಗಿಡ್ಡ ಕೂದಲಿನ ನಾಯಿಯೇ ಲೇಸು. ಎರಡು ಸಲ ಒರೆಸಿದರೆ ಒಣಗುತ್ತದೆ, ಚರ್ಮ ಕೊಳೆಯುವುದಿಲ್ಲ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ಶ್ವಾನ ಸಂಶೋಧನಾ ಕೇಂದ್ರವಿದೆ, ಈ ತಳಿಯ ಮೇಲೇ ಕೆಲಸ ಮಾಡುತ್ತದೆ. 2005ರಲ್ಲಿ ಇದರ ಅಂಚೆಚೀಟಿ ಬಂತು, 2016ರಲ್ಲಿ ಸೇನೆಯವರು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟರು. ಹೆಸರು ಬಂದಂತೆ ಬೇಡಿಕೆಯೂ ಬಂತು, ಬೇಡಿಕೆಯ ಹಿಂದೆಯೇ ಅಣ್ಣ-ತಂಗಿಯನ್ನೇ ಕೂಡಿಸುವವರೂ ಬಂದರು. ಗಂಡನ್ನು ಹುಡುಕುವಾಗ ನಾನು ಮೊದಲು ಕೇಳುವುದು ಅದರ ಅಜ್ಜ-ಅಜ್ಜಿ ಯಾರ ಮನೆಯವು ಎಂದು. ಉತ್ತರ ತಡವರಿಸಿದರೆ ಅಲ್ಲಿಂದಲೇ ವಾಪಸು. ಬೆದೆ ಮುಂದಿನ ಸಲವೂ ಬರುತ್ತದೆ.

ಕೂಡಿಸುವ ಮುಂಚೆ ರಕ್ತ ಪರೀಕ್ಷೆ ತಪ್ಪಿಸುವುದಿಲ್ಲ. ಮಂಗನ ಕಾಯಿಲೆಯಿಂದಾಗಿ ನಮ್ಮ ಜನ ಉಣುಗು ಎಂದರೆ ಬೆಚ್ಚುತ್ತಾರೆ, ಅದು ಸರಿಯೇ. ಆದರೆ ಆ ಕಾಯಿಲೆ ಹರಡುವ ಕಾಡಿನ ಉಣುಗು ಬೇರೆ, ನಾಯಿಯ ಕಿವಿಯಲ್ಲಿ ಗೂಡು ಕಟ್ಟುವ ಕಂದು ಉಣುಗು ಬೇರೆ. ಈ ಎರಡನೆಯದು ನಾಯಿಗೇ ಜ್ವರ ತರುತ್ತದೆ. ಮೇಲೆ ಏನೂ ಕಾಣದೆ, ಒಳಗೊಳಗೇ ರಕ್ತ ಕಡಿಮೆಯಾಗಿರುತ್ತದೆ. ಅಂಥ ಹೆಣ್ಣಿಗೆ ಗಬ್ಬ ಕಟ್ಟಿಸುವುದು ಪಾಪದ ಕೆಲಸ.

ಮರಿ ಹಾಕುವ ಪೆಟ್ಟಿಗೆಗೆ ನಾನು ಪೇಟೆಯಿಂದ ಏನೂ ತರುವುದಿಲ್ಲ. ನಾಲ್ಕು ಹಲಗೆ, ಒಳಗೆ ಸುತ್ತಲೂ ಅಡಕೆ ದಬ್ಬೆ. ದಬ್ಬೆ ನೆಲದಿಂದ ನಾಲ್ಕು ಬೆರಳು ಮೇಲೆ, ಹಲಗೆಯಿಂದ ನಾಲ್ಕು ಬೆರಳು ಈಚೆ ಇರಬೇಕು. ತಾಯಿ ಹಲಗೆಗೆ ಒರಗಿ ಮಲಗಿದಾಗ ಬೆನ್ನ ಹಿಂದೆ ಸಿಕ್ಕಿಕೊಂಡ ಮರಿ ಆ ಸಂದಿಯಲ್ಲಿ ಉಳಿದುಕೊಳ್ಳುತ್ತದೆ. ದಬ್ಬೆಯ ಸಿಬಿರು ಹೋಗುವಂತೆ ಗಾಜಿನ ಚೂರಿನಿಂದ ಹೆರೆದು, ಕೊಬ್ಬರಿ ಎಣ್ಣೆ ಸವರಿ, ಅಂಗೈ ಆಡಿಸಿ ನೋಡುತ್ತೇನೆ. ಹಾಸಲು ಹಳೆ ಪಂಚೆ. ಆಷಾಢದ ಮಳೆಯಲ್ಲಿ ಬಟ್ಟೆ ಒಣಗಿಸಲು ಬಚ್ಚಲ ಒಲೆಯ ಮೇಲಿನ ಅಟ್ಟವೇ ಗತಿ. ಹುಟ್ಟಿದ ಮೊದಲ ಎರಡು ವಾರ ಮರಿಗೆ ತನ್ನ ಮೈ ತಾನೇ ಬಿಸಿ ಇಟ್ಟುಕೊಳ್ಳಲು ಬರುವುದಿಲ್ಲ, ಥಂಡಿ ಬಟ್ಟೆಯೇ ಸಾಕು ಸಾಯಲು. ಒಂದೊಂದರ ಕತ್ತಿಗೂ ಒಂದೊಂದು ಬಣ್ಣದ ಉಲ್ಲನ್ ದಾರ, ಬೆಳಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ಹತ್ತು ದಿನದೊಳಗೆ ಹುಟ್ಟಿನ ತೂಕ ಎರಡರಷ್ಟಾಗಬೇಕು. ಕಣ್ಣಿಗೆ ದುಂಡಗೆ ಕಂಡ ಮರಿಯೂ ತಕ್ಕಡಿಯಲ್ಲಿ ನಿಂತಲ್ಲೇ ನಿಂತಿರುತ್ತದೆ, ಆಗ ಹಿಂದಿನ ಮೊಲೆಗೆ ಕೈಯಾರೆ ಹಚ್ಚಬೇಕು.

ಇಷ್ಟೆಲ್ಲ ಆದ ಮೇಲೆ ಬರುವವರ ಮೊದಲ ಪ್ರಶ್ನೆ, "ಗಂಡು ಇದೆಯಾ?" ಹೆಣ್ಣು ಎಂದರೆ ಮುಖ ಸಣ್ಣದಾಗುತ್ತದೆ. ಮೀನು ಮಾರ್ಕೆಟ್ಟಿನ ಹಿಂದೆ ಗೋಣಿಯಲ್ಲಿ ಕಟ್ಟಿ ಬಿಟ್ಟ ಮರಿಗಳನ್ನು ಯಾವತ್ತಾದರೂ ಬಿಚ್ಚಿ ನೋಡಿ, ಬಹುತೇಕ ಹೆಣ್ಣೇ. ಬೆದೆಗೆ ಬಂದರೆ ಅಂಗಳದಲ್ಲಿ ಗಂಡು ನಾಯಿಗಳ ಜಾತ್ರೆ ಎಂಬ ತಕರಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಪರಿಹಾರವಿದೆ, ತಾಲೂಕು ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿದರೆ ತಿಳಿಯುತ್ತದೆ. ಕೇಳುವಷ್ಟೂ ವ್ಯವಧಾನವಿಲ್ಲದವರು ನಾಯಿ ಸಾಕಬಾರದು. ಅಣ್ಣ-ತಮ್ಮಂದಿರಷ್ಟೇ ಓಡುವ, ಅವರಿಗಿಂತ ಬೇಗ ಮನೆಯ ಕ್ರಮ ಕಲಿಯುವ ಹೆಣ್ಣುಮರಿಗಳನ್ನು ನಾನು ಸಾಲು ಸಾಲಾಗಿ ಬೆಳೆಸಿದ್ದೇನೆ. ಈಗ ಗಂಡು ಮಾತ್ರ ಬೇಕೆಂದವರಿಗೆ ಗಂಡನ್ನೂ ಕೊಡುವುದಿಲ್ಲ. ಹೆದ್ದಾರಿ ಪಕ್ಕ ಬೇಲಿಯಿಲ್ಲದ ಮನೆಗೂ ಇಲ್ಲ. ಕಣ್ಣಿಗೆ ಬಿದ್ದದ್ದರ ಹಿಂದೆ ಓಡುವ ತಳಿ ಇದು, ಆಚೆ ಬದಿಯ ಬೆಕ್ಕು ಕಂಡರೆ ನಡುವಿನ ಲಾರಿ ಕಾಣುವುದಿಲ್ಲ. ಯಾವಾಗ ಸಾಕಲಾಗದಿದ್ದರೂ ನನಗೇ ತಂದುಕೊಡಬೇಕು, ಬೇರೆಯವರಿಗೆ ದಾಟಿಸಬಾರದು ಎಂದು ಬರೆಸಿಕೊಳ್ಳುತ್ತೇನೆ. ಮುದಿಯಾದ ಮೇಲೆ ತಂದರೂ ಸರಿ.

ಕುಮಟಾದವರಿಗೆ ಇನ್ನೂ ನಾಲ್ಕು ವಾರ ಕಾಯಿರಿ ಎಂದೆ. ಅಷ್ಟರಲ್ಲಿ ಬೇಕಾದಷ್ಟು ಸಲ ಬಂದು ನೋಡಿಹೋಗಲಿ, ಮಕ್ಕಳನ್ನೂ ಕರೆದುಕೊಂಡು ಬರಲಿ, ಆದರೆ ಚಪ್ಪಲಿ ಗೇಟಿನಲ್ಲೇ ಬಿಟ್ಟು ಕೈಕಾಲು ತೊಳೆದು ಒಳಗೆ ಬರಬೇಕು. ಒಯ್ಯುವ ದಿನ ತಾಯಿ ಮಲಗಿದ ಪಂಚೆಯ ತುಂಡೊಂದನ್ನು ಮರಿಯ ಜೊತೆ ಕೊಡುತ್ತೇನೆ, ಅದನ್ನು ಒಂದು ವಾರ ಒಗೆಯಬೇಡಿ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರಿ ಹೆಣ್ಣು ಯಾರಿಗಾದ್ರೂ ಹೇಳಿದ್ರಾ?" ಎಂದು ಕೇಳಿದರು. ಇನ್ನೂ ಇಲ್ಲ, ಭಾನುವಾರ ಬನ್ನಿ ಎಂದೆ.