ಕ್ಯೂಸೆಕ್ ಬಿಟ್ಟು ಬರೆದದ್ದು

ಸೆಪ್ಟೆಂಬರ್ 19, 2023, ಮಂಗಳವಾರ

ಹಬ್ಬ ಮುಗಿದರೂ ಕಡುಬಿನ ಡಬ್ಬಿ ಇನ್ನೂ ಬ್ಯಾಗಿನಲ್ಲೇ ಇದೆ. ನಿನ್ನೆ, ನಾನು ಅಡ್ಮಿನ್ ಆಗಿರುವ ಹೀರೊ ಪೇಜಿನಲ್ಲಿ ಗಣೇಶನ ಶುಭಾಶಯ ಹಾಕಿದ್ದೆ. ಕೆಳಗೆ ಸಾಲುಗಟ್ಟಿ ಒಂದೇ ಪ್ರಶ್ನೆ. "ಕಾವೇರಿ ಬಗ್ಗೆ ಯಾಕೆ ಬಾಯಿ ಬಿಡ್ತಿಲ್ಲ ಬಾಸ್?" "ನಮ್ಮ ಟಿಕೆಟ್ ದುಡ್ಡು ಬೇಕು, ನಮ್ಮ ಗೋಳು ಬೇಡ್ವಾ?" ನಾನೂರು ದಾಟಿದ ಮೇಲೆ ಎಣಿಸುವುದು ಬಿಟ್ಟೆ. ತಮಾಷೆಯೆಂದರೆ, ಬೈದವರ ಪ್ರೊಫೈಲ್ ಚಿತ್ರದಲ್ಲೂ ನಮ್ಮ ಹೀರೊನೇ, ಕೈಯಲ್ಲಿ ಮಚ್ಚು ಹಿಡಿದುಕೊಂಡು.

ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೂ ನಿನ್ನೆ ನೀರು ನಿಯಂತ್ರಣ ಸಮಿತಿಯ ಮಾತನ್ನೇ ಎತ್ತಿಹಿಡಿದಿದೆ: ತಮಿಳುನಾಡಿಗೆ 5,000 ಕ್ಯೂಸೆಕ್, 15 ದಿನ. ರಾತ್ರಿ ಮ್ಯಾನೇಜರ್ ಫೋನು. "ಏನಾದ್ರೂ ಹಾಕ್ಬೇಕು ಕಣೋ. ನೀನು ಮಂಡ್ಯದೋನು ತಾನೆ, ಒಳ್ಳೆ ಫೀಲ್ ಇರತ್ತೆ, ಬರಿ."

ಸೆಪ್ಟೆಂಬರ್ 20, ಬುಧವಾರ

ಬೆಳಗ್ಗೆ ನಾನು ಬರೆದು ಕಳಿಸಿದ್ದು ಒಂಬತ್ತು ಸಾಲು. ಸಂಜೆ ಪೋಸ್ಟ್ ಆದದ್ದು ನಾಲ್ಕು. ಹೋದ ಸಾಲುಗಳ ಲೆಕ್ಕ ಇಲ್ಲಿ ಇರಲಿ, ಬೇರೆಲ್ಲೂ ಇರುವುದಿಲ್ಲ.

"ತಮಿಳುನಾಡು" ಮೊದಲು ಹೋಯಿತು. ಮುಂದಿನ ಚಿತ್ರ ತಮಿಳಿನಲ್ಲೂ ಡಬ್ ಆಗುತ್ತಿದೆ. "ಸರ್ಕಾರ" ಹೋಯಿತು, ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ "ಕ್ಯೂಸೆಕ್". ಫ್ಯಾನ್ಸ್‌ಗೆ ಅರ್ಥ ಆಗಲ್ಲ ಅಂದರು. 5,000 ಕ್ಯೂಸೆಕ್ ಒಂದು ದಿನ ಹರಿದರೆ 0.43 ಟಿಎಂಸಿ, 15 ದಿನಕ್ಕೆ ಆರೂವರೆ ಹತ್ತಿರ ಸಾರ್, ಇಷ್ಟೇ ಲೆಕ್ಕ ಅಂದೆ. "ಅದನ್ನ ಇಂಜಿನಿಯರ್ ಹೇಳ್ಲಿ. ಹೀರೊ ಭಾವನೆ ಹೇಳ್ತಾನೆ." ಉಳಿದದ್ದು ರೈತ, ಅನ್ನ, ತಾಯಿ, ನ್ಯಾಯ. ಯಾವ ವರ್ಷದ ಯಾವ ನದಿಗೂ ಹೊಂದುತ್ತದೆ.

ಸುದೀಪ್, ದರ್ಶನ್ ಕೂಡ ಇವತ್ತೇ ಟ್ವಿಟರ್‌ನಲ್ಲಿ (ಈಗ ಎಕ್ಸ್ ಅನ್ನಬೇಕಂತೆ) ಕಾವೇರಿ ಬಗ್ಗೆ ಬರೆದಿದ್ದಾರೆ. ನಮ್ಮದು ಬಂದ ಅರ್ಧ ಗಂಟೆಗೆ "ಯಾಕೆ ಮೌನ" ನಿಂತು "ಜೈ ಬಾಸ್" ಶುರುವಾಯಿತು. ಪೋಸ್ಟನ್ನು ಪಿನ್ ಮಾಡಿದೆ. ಮ್ಯಾನೇಜರ್ ಹೆಬ್ಬೆರಳು ಕಳಿಸಿದರು.

ಸೆಪ್ಟೆಂಬರ್ 21, ಗುರುವಾರ

ಸುಪ್ರೀಂ ಕೋರ್ಟ್ ಮಧ್ಯೆ ಬರುವುದಿಲ್ಲ ಅಂದಿತು. ನೀರು ಬಿಡಲೇಬೇಕು. ನಮ್ಮ ಪೋಸ್ಟಿನ ರೀಚ್ ಮಾತ್ರ ಈ ವರ್ಷದಲ್ಲೇ ಹೆಚ್ಚು.

ಸೆಪ್ಟೆಂಬರ್ 24, ಭಾನುವಾರ, ಊರಿನಲ್ಲಿ

ನಮ್ಮ ಗದ್ದೆ ವಿ.ಸಿ. ನಾಲೆಯ ಕೊನೇ ಭಾಗ. ಕಟ್ಟು ಪದ್ಧತಿಯಲ್ಲಿ ಬಿಟ್ಟರೂ ನಮ್ಮ ತೂಬಿಗೆ ಬರುವಷ್ಟರಲ್ಲಿ ಮೇಲಿನವರ ಸರದಿಯೇ ಮುಗಿದಿರುವುದಿಲ್ಲ. ಅಪ್ಪ ಒಟ್ಲು ಬಿಟ್ಟಿದ್ದರು. ನಾಟಿ ಆಗದೆ ಪೈರು ಪಾತಿಯಲ್ಲೇ ಬಲಿತು ಹಳದಿ ತಿರುಗಿದೆ. ಇಡೀ ದೇಶದಲ್ಲೇ 1901ರಿಂದೀಚೆಗೆ ಇಷ್ಟು ಒಣಗಿದ ಆಗಸ್ಟ್ ಬಂದಿಲ್ಲವೆಂದು ಪೇಪರಿನಲ್ಲಿ ಓದಿದ್ದೆ. ಅದು ಏನೆಂದು ಈ ಪಾತಿ ನೋಡಿದ ಮೇಲೆ ಗೊತ್ತಾಯಿತು.

ಊಟಕ್ಕೆ ಕೂತಾಗ ಅಪ್ಪ, "ನಿಮ್ ಹೀರೊ ಬರೆದವ್ನಂತಲ್ಲ, ಪಕ್ಕದ್ಮನೆ ಹುಡ್ಗ ತೋರ್ಸ್ದ. ಚೆಂದಾಗ್ ಬರೆದವ್ನೆ ಕಣ್ಲಾ" ಅಂದರು. ಬರೆದವನು ನಾನು ಎನ್ನಲು ನಾಲಿಗೆ ಏಳಲಿಲ್ಲ. ಮುದ್ದೆ ಮುರಿದೆ.

ಮಾತು ಶಾಲೆಯಲ್ಲಿ ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿಗೆ ತಿರುಗಿತು. ಅಣ್ಣಾವ್ರು ರಾಜಕುಮಾರ್ ಹಾಗೆ ಬೀದಿಗಿಳಿಯುವವರು ಈಗ ಯಾರಿದ್ದಾರೆ ಅಂತ ನಾನು ರಾಗ ಎಳೆದೆ. ಅಪ್ಪ ನಕ್ಕರು. "ಅವ್ರೇನು ಮೊದಲ್ನೇ ದಿನ್ವೇ ಬಂದ್ರಾ? ಸಾಹಿತಿಗಳು ಅಷ್ಟು ದಿನ ಕೂಗಿದ್ಮೇಲೆ ಬಂದ್ರು. ಅಣ್ಣಾವ್ರು ಯಾಕ್ ಬರ್ನಿಲ್ಲ ಅಂತ ಆಗ್ಲೂವೆ ಕೇಳಿದ್ವಿ. ನಮ್ ಕೈಲಿ ಫೋನ್ ಇರ್ನಿಲ್ಲ, ಅಷ್ಟೇಯ."

ನನ್ನ ನೆನಪಿನ ಚಿತ್ರಪಟದಲ್ಲಿ ಈ ಭಾಗ ಇರಲೇ ಇಲ್ಲ. 1982ರಲ್ಲಿ ರಾಜಕುಮಾರ್ ಬಂದ ಮೇಲೆ ಚಳವಳಿ ಊರೂರಿಗೆ ಹಬ್ಬಿದ್ದು ನಿಜ. ಊರಿಂದೂರಿಗೆ ಧೂಳು ಕುಡಿದು ಹೋದವರು ಅವರು. ಅದನ್ನು ನಮ್ಮ ನಾಲ್ಕು ಸಾಲಿನ ಪಕ್ಕ ಇಡಲಾರೆ. ಆದರೆ ಶಾಲೆಯಲ್ಲಿ ಕನ್ನಡ ಯಾವ ಸ್ಥಾನದಲ್ಲಿರಬೇಕು ಎಂಬುದಕ್ಕೆ ವಿಧಾನಸೌಧದಿಂದ ಒಂದು ಆದೇಶ ಹೊರಟರೆ ಆಗುತ್ತಿತ್ತು. ಮಳೆಗೆ ಯಾರ ಆದೇಶ? ಬರಗಾಲದ ವರ್ಷ ಇದ್ದಷ್ಟು ನೀರನ್ನು ಎರಡು ರಾಜ್ಯ ಹೇಗೆ ಹಂಚಿಕೊಳ್ಳಬೇಕು ಎಂಬುದು ಲೆಕ್ಕದ ಜಗಳ. ನಾವು ಹೀರೊ ಬಾಯಿಂದ ತೆಗೆದದ್ದು ಆ ಲೆಕ್ಕವನ್ನೇ.

ಸೆಪ್ಟೆಂಬರ್ 26, ಮಂಗಳವಾರ

ಬೆಂಗಳೂರು ಬಂದ್. ಮನೆಯಿಂದಲೇ ಕೆಲಸ. ಸಮಿತಿಯ ಹೊಸ ಆದೇಶ: 28ರಿಂದ 3,000 ಕ್ಯೂಸೆಕ್. ಹೊಸ ಪೋಸ್ಟ್ ಬೇಡವೆಂದರು.

ಸೆಪ್ಟೆಂಬರ್ 28, ಗುರುವಾರ

ತಮಿಳು ನಟ ಸಿದ್ಧಾರ್ಥ್ ತಮ್ಮ 'ಚಿಕ್ಕು' ಚಿತ್ರದ ಪತ್ರಿಕಾಗೋಷ್ಠಿಗೆ ಇಲ್ಲಿಗೆ ಬಂದಿದ್ದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಥೆಯಂತೆ. ಹೋರಾಟಗಾರರು ನುಗ್ಗಿ ನಿಲ್ಲಿಸಿದರು. ಸಿದ್ಧಾರ್ಥ್ ಕೈಮುಗಿದು ಎದ್ದು ಹೋದರು. ವಿಡಿಯೊ ಮೂರು ಸಲ ನೋಡಿದೆ. ವಾರವಿಡೀ ನಮ್ಮ ನಟರನ್ನು ಫೋನಿನಲ್ಲಿ ಬೈದದ್ದೂ ಇದೇ ಸಿಟ್ಟು. ಇವತ್ತು ಅದಕ್ಕೆ ಕೈಗೆಟಕುವ ದೂರದಲ್ಲಿ ಒಬ್ಬ ಸಿಕ್ಕಿದ.

ಪ್ರಕಾಶ್ ರಾಜ್ ಕನ್ನಡಿಗರ ಪರವಾಗಿ ಕ್ಷಮೆ ಕೇಳಿ ಬರೆದರು. ಅದರ ಕೆಳಗಿನ ಕಮೆಂಟುಗಳನ್ನು ಇಲ್ಲಿ ಬರೆದು ಪುಟ ಹೊಲಸು ಮಾಡಿಕೊಳ್ಳಲಾರೆ.

ಸೆಪ್ಟೆಂಬರ್ 29, ಶುಕ್ರವಾರ

ಕರ್ನಾಟಕ ಬಂದ್. ಗುರುರಾಜ ಕಲ್ಯಾಣ ಮಂಟಪದಲ್ಲಿ ಚಿತ್ರರಂಗದ ಪ್ರತಿಭಟನೆ, ಶಿವಣ್ಣನ (ಶಿವರಾಜ್‌ಕುಮಾರ್) ಮುಂದಾಳತ್ವ. ನಮ್ಮ ಹೀರೊ ಇಪ್ಪತ್ತು ನಿಮಿಷ ಇದ್ದರು, ಫೋಟೊ ಚೆನ್ನಾಗಿ ಬಂದಿವೆ.

ಶಿವಣ್ಣ ಅದೇ ವೇದಿಕೆಯಿಂದ ಸಿದ್ಧಾರ್ಥ್‌ಗೆ ಕ್ಷಮೆ ಕೇಳಿದರು. ಕಾವೇರಿಗಾಗಿ ಸೇರಿದ ಜನರ ಎದುರೇ. ಅದನ್ನು ಯಾವ ಅಡ್ಮಿನ್ನೂ ಬರೆದುಕೊಟ್ಟಿರಲಾರ. ಬರೆದಿದ್ದರೆ ಅಪ್ರೂವಲ್ ಸಿಗುತ್ತಿರಲಿಲ್ಲ, ಈ ಕಸುಬಿನವನಾಗಿ ಇಷ್ಟು ಹೇಳಬಲ್ಲೆ. ನಮ್ಮ ಕ್ಯಾಪ್ಷನ್‌ನಲ್ಲಿ ಆ ಮಾತೂ ಒಂದು ಸಾಲು ಇರಲಿ ಅಂದೆ. "ಬೇಡ, ಕಮೆಂಟ್ಸ್ ಕೆಡ್ತವೆ." ಎತ್ತಿದ ಮುಷ್ಟಿಯ ಫೋಟೊ ಹಾಕಿ, ಹಳೆಯ ನಾಲ್ಕರಲ್ಲಿ ಎರಡು ಸಾಲು ಕೊಟ್ಟೆ.

ಅಕ್ಟೋಬರ್ 5, ಗುರುವಾರ

ಹಾಡಿನ ಟೀಸರ್ ಬಂತು. ಕಾವೇರಿ ಪೋಸ್ಟಿನ ಪಿನ್ ತೆಗೆದು ಇದಕ್ಕೆ ಹಾಕು ಅಂದರು, ಹಾಕಿದೆ. ಬೆಂಕಿಯ ಇಮೋಜಿಗಳು. ಒಬ್ಬನೇ ಒಬ್ಬ ಕೇಳಿದ್ದಾನೆ: "ಬಾಸ್, ನೀರಿನ ವಿಷ್ಯ ಏನಾಯ್ತು?" ಉತ್ತರ ಕೊಡುವ ಅಧಿಕಾರ ನನಗಿಲ್ಲ. ಹಾರ್ಟ್ ಒತ್ತಿದೆ.

ಅಪ್ಪ ಫೋನ್ ಮಾಡಿದ್ದರು. ಒಟ್ಲನ್ನು ದನ ಬಿಟ್ಟು ಮೇಯಿಸಿದರಂತೆ. ಮೇಲಿನ ಹೊಲಕ್ಕೆ ಹುರುಳಿ ಎರಚಿದ್ದಾರೆ.