ಸನಮಡಿಯ ಬಾವಿಯಲ್ಲಿ ದೊರೆತ ಗುಲಾಬಿ ಕಲ್ಲು

ಸನಮಡಿಯ ನೆಲವನ್ನು ಕಂಡವರ ಮನಸ್ಸಿನಲ್ಲಿ ಕಲ್ಲೆಂದರೆ ಕರಿದು ಎಂಬ ಭಾವನೆ ಬೇರೂರಿರುತ್ತದೆ. ಜತ್ತ ತಾಲೂಕಿನ ಈ ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ್ದರೂ ನಮ್ಮವರ ಮನೆಯೊಳಗೂ ಹೊಲದ ಬದುವಿನ ಮೇಲೂ ಕೇಳಿಬರುವ ಮಾತು ಕನ್ನಡವೇ. ಮನೆಯ ಬುನಾದಿ, ಬೀಸುವ ಕಲ್ಲು, ಒರಳು, ದೇವರ ಕಟ್ಟೆ ಎಲ್ಲವೂ ಕರಿಕಲ್ಲಿನವೇ. ಬಾವಿ ತೋಡುವವರು ಮೊದಲು ಎರೆಮಣ್ಣನ್ನು ತೆಗೆಯುತ್ತಾರೆ, ಅದರ ಕೆಳಗೆ ಗರಸು ಸಿಕ್ಕುತ್ತದೆ, ಅದೂ ಮುಗಿದಮೇಲೆ ಹಾರೆಗೆ ಕಿಡಿ ಹಾರಿಸುವ ಕರಿಬಂಡೆ. ಭೂವಿಜ್ಞಾನಿಗಳು ಇದನ್ನು ಬಸಾಲ್ಟ್ ಎನ್ನುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹೊರಚೆಲ್ಲಿದ ಲಾವಾರಸವು ಪದರದ ಮೇಲೆ ಪದರವಾಗಿ ಆರಿ, ಇಂದಿಗೂ ಐದು ಲಕ್ಷ ಚದರ ಕಿಲೋಮೀಟರಿನಷ್ಟು ದಖ್ಖನದ ನೆಲವನ್ನು ಮುಚ್ಚಿಕೊಂಡಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ವಾಚಕರಿಗೆ ಈ ಕಲ್ಲಿನ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ರಾಜ್ಯದ ಗಡಿ ಕಲ್ಲಿನ ಮೇಲೆ ಬರೆದಿದೆಯೇ ಹೊರತು ಕಲ್ಲಿನೊಳಗೆ ಬರೆದಿಲ್ಲ.

ಇಂಥ ಊರಿನಲ್ಲಿ ಬಾವಿಯೊಳಗಿಂದ ಗುಲಾಬಿ ಬಣ್ಣದ ಕಲ್ಲು ಎದ್ದರೆ ಜನರು ಕೂಡಿ ನೋಡುವುದು ಸಹಜವೇ ಸರಿ. ನಮ್ಮ ತಂಗಿಯ ಮನೆಯವರು ಹೊಲದ ಹಳೆಯ ಬಾವಿಯನ್ನು ಇನ್ನಷ್ಟು ಆಳ ಮಾಡಿಸುತ್ತಿದ್ದಾಗ, ಸುರಂಗ ಹಾರಿಸಿದ ಮೇಲೆ ಬಂದ ಕಲ್ಲುಗಳಲ್ಲಿ ಸಣ್ಣ ಸಣ್ಣ ಪೊಟರೆಗಳಿದ್ದವು. ಆ ಪೊಟರೆಗಳ ತುಂಬ ಎಳೆಯ ಗುಲಾಬಿಯ, ಹಾಲಿನ ಕೆನೆಯಂತೆ ಹೊಳೆಯುವ ಹರಳುಗಳು. ನೀರು ಮಾತ್ರ ಬರಲಿಲ್ಲ. ಸೋದರಳಿಯನು ತನ್ನ ಕೈಯ ಫೋನಿಗೆ ಕಲ್ಲನ್ನು ತೋರಿಸಿದನು. ಫೋನು ಅದಕ್ಕೆ ‘ರೋಡೋನೈಟ್’ ಎಂದು ಹೆಸರು ಹೇಳಿ, ಎಲ್ಲಿಯೋ ಮಾರಾಟಕ್ಕಿಟ್ಟ ಹಾರಗಳ ಬೆಲೆಯನ್ನೂ ತೋರಿಸಿತು. ಎರಡು ದಿನಗಳಲ್ಲಿ ಅದು ಊರಿನ ಬಾಯಲ್ಲಿ ‘ಗುಲಾಬಿ ಮಾಣಿಕ’ವಾಯಿತು. ಇನ್ನೂ ಹತ್ತಡಿ ಇಳಿದರೆ ನೀರು ಬರದಿದ್ದರೂ ಮಾಣಿಕವಾದರೂ ಬಂದೀತೆಂದು ಲೆಕ್ಕ ಹಾಕಿ, ತಂಗಿಯ ಪಾಟಲಿಗಳನ್ನು ಒತ್ತೆಯಿಡುವ ಮಾತು ಮನೆಯಲ್ಲಿ ನಡೆಯಿತು. ನಾವು ಕೆಲವು ವರ್ಷ ನಾಗಪುರದ ಕಡೆಯ ಮ್ಯಾಂಗನೀಸ್ ಗಣಿಗಳಲ್ಲಿ ದುಡಿದವರಾದ್ದರಿಂದ ನಮ್ಮನ್ನು ಕರೆಸಿದರು. “ಮಾಮಾ, ನೀವು ಹೂಂ ಅಂದ್ರ ನಾಳೇನ ಕೆಲಸ ಸುರು ಮಾಡ್ತೀವ್ರೀ,” ಎಂದನು ಹುಡುಗ.

ರೋಡೋನೈಟ್ ಎಂಬುದು ಸುಳ್ಳು ಹೆಸರಲ್ಲ. ಅದು ನಿಜವಾದ ಖನಿಜ, ನೋಡಲು ಚೆಲುವಾದುದು. ಗ್ರೀಕ್ ಭಾಷೆಯಲ್ಲಿ ‘ರೋಡೋನ್’ ಎಂದರೆ ಗುಲಾಬಿ. 1819ರಲ್ಲಿ ಯಾಷೆ ಎಂಬ ಜರ್ಮನ್ ಪಂಡಿತನು ಈ ಹೆಸರನ್ನಿಟ್ಟನು. ಹಿಂದಿನ ಪಠ್ಯಪುಸ್ತಕಗಳು ಅದನ್ನು ಮ್ಯಾಂಗನೀಸಿನ ಸಿಲಿಕೇಟ್ ಎಂದಷ್ಟೆ ಹೇಳಿ ಮುಗಿಸುತ್ತಿದ್ದವು. ವಾಸ್ತವದಲ್ಲಿ ಅದರೊಳಗೆ ಲೋಹಕ್ಕೆಂದು ಇರುವ ಐದು ಸ್ಥಾನಗಳಲ್ಲಿ ಒಂದನ್ನು ಸಾಮಾನ್ಯವಾಗಿ ಸುಣ್ಣದ ಲೋಹವಾದ ಕ್ಯಾಲ್ಸಿಯಂ ಹಿಡಿದಿರುತ್ತದೆ. ಉಳಿದವುಗಳಲ್ಲಿ ಮ್ಯಾಂಗನೀಸೂ ಅದರ ಜೊತೆಗೆ ಕೊಂಚ ಕಬ್ಬಿಣವೂ ಇರುತ್ತವೆ. ಒಂದು ಸಿಲಿಕಾನಿನ ಸುತ್ತ ನಾಲ್ಕು ಆಮ್ಲಜನಕಗಳು ಕೂತು ಒಂದು ಮಣಿಯಾಗುತ್ತದೆಂದು ಭಾವಿಸಿರಿ. ಮಣಿಗಳು ಒಂದಕ್ಕೊಂದು ತಗುಲಿಕೊಂಡು ಸರವಾಗುತ್ತವೆ. ಆದರೆ ಸರವು ನೆಟ್ಟಗಿರುವುದಿಲ್ಲ, ತಿರುಚಿಕೊಂಡು ಹೋಗುತ್ತದೆ. ರೋಡೋನೈಟಿನಲ್ಲಿ ಐದು ಮಣಿಗಳಿಗೊಮ್ಮೆ ಅದೇ ತಿರುವು ಮರಳಿ ಬರುತ್ತದೆ. ಇದರ ದಾಯಾದಿಯಾದ ವೊಲಾಸ್ಟೊನೈಟಿನಲ್ಲಿ ಮೂರಕ್ಕೊಮ್ಮೆ, ಇನ್ನೊಬ್ಬ ದಾಯಾದಿ ಪೈರಾಕ್ಸ್‌ಮ್ಯಾಂಗೈಟಿನಲ್ಲಿ ಏಳಕ್ಕೊಮ್ಮೆ. ನಮ್ಮ ಹೆಣ್ಣುಮಕ್ಕಳು ರಂಗೋಲಿಯ ಎಳೆ ಎಳೆಯುವಾಗ ಇಂಥ ಲೆಕ್ಕವನ್ನು ಯಾರ ಹಂಗೂ ಇಲ್ಲದೆ ಇಡುತ್ತಾರೆ.

ಅದರ ಕಾಠಿಣ್ಯ ಮೋಸನ ಅಳತೆಯಲ್ಲಿ ಐದೂವರೆಯಿಂದ ಆರೂವರೆಯವರೆಗೆ. ಎಂದರೆ ಸಾಮಾನ್ಯ ಚಾಕುವಿಗೆ ಸುಲಭವಾಗಿ ಜಗ್ಗುವುದಿಲ್ಲ. ನೀರಿಗಿಂತ ಮೂರೂವರೆ ಪಟ್ಟು ಭಾರ. ಒಡೆದರೆ ಎರಡು ದಿಕ್ಕಿನಲ್ಲಿ ಹೆಚ್ಚುಕಡಿಮೆ ಲಂಬಕೋನದಲ್ಲಿ ಸೀಳುತ್ತದೆ. ಆ ಗುಲಾಬಿಯ ಬಣ್ಣ ಮ್ಯಾಂಗನೀಸಿನದೇ. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಸ್ಥಿತಿಯಲ್ಲಿ ಆ ಲೋಹವು ಬೆಳಕನ್ನು ಬಹಳ ಜಿಪುಣತನದಿಂದ ಹೀರುತ್ತದೆ, ಆದುದರಿಂದಲೇ ಬಣ್ಣವು ತೆಳುವಾಗಿ, ಸೌಮ್ಯವಾಗಿ ಕಾಣುತ್ತದೆ. ಅದೇ ಕಲ್ಲು ಗಾಳಿ ಮಳೆಗೆ ಸಿಕ್ಕಿತೋ, ಮ್ಯಾಂಗನೀಸ್ ಇನ್ನಷ್ಟು ಆಮ್ಲಜನಕವನ್ನು ಕೂಡಿಸಿಕೊಂಡು ಕಪ್ಪಾಗುತ್ತದೆ. ಬಿರುಕುಗಳಲ್ಲಿ ಕಾಡಿಗೆ ಎಳೆದಂತೆ ಕರಿಗೆರೆಗಳು, ಮೈಮೇಲೆ ಮಸಿಯಂಥ ಸಿಪ್ಪೆ. ಗಣಿಯಲ್ಲಿ ನಾವು ಅದನ್ನು ಬಣ್ಣದಿಂದಲ್ಲ, ಈ ಮಸಿಯಿಂದ ಗುರುತಿಸುತ್ತಿದ್ದೆವು: ಮಸಿ ಹಿಡಿದ ಗುಂಡನ್ನು ಸುತ್ತಿಗೆಯಿಂದ ಒಡೆದರೆ ಒಳಗೆ ಗುಲಾಬಿ.

ಈ ಕಲ್ಲು ಎಲ್ಲಿ ಬೇಕೆಂದರಲ್ಲಿ ಹುಟ್ಟತಕ್ಕದ್ದಲ್ಲ. ಮೊದಲಿಗೆ ಮ್ಯಾಂಗನೀಸ್ ಒಂದೆಡೆ ಕೂಡಬೇಕು. ಅದು ಪುರಾತನ ಸಮುದ್ರಗಳ ತಳದಲ್ಲಿ ಮರಳು, ಕೆಸರುಗಳೊಡನೆ ಪದರವಾಗಿ ಕೂತಿತು. ಆಮೇಲೆ ಆ ಪದರಗಳು ಭೂಮಿಯೊಳಗೆ ಹೂತುಹೋಗಿ ನೂರಾರು ಡಿಗ್ರಿ ಶಾಖದಲ್ಲಿ, ಮೇಲಿನ ಬಂಡೆಗಳ ಒತ್ತಡದಲ್ಲಿ ಬೇಯಬೇಕು. ಮ್ಯಾಂಗನೀಸ್ ಕಾರ್ಬೊನೇಟ್ ಇದ್ದಲ್ಲಿ ಅದು ಮರಳಿನ ಸಿಲಿಕಾದೊಡನೆ ಬೆರೆತು, ಇಂಗಾಲದ ವಾಯುವನ್ನು ಹೊರಗಟ್ಟಿ, ಸಿಲಿಕೇಟಾಗುತ್ತದೆ. ಸುಣ್ಣದ ಭಟ್ಟಿಯಲ್ಲಿ ಸುಣ್ಣಕಲ್ಲು ವಾಯು ಬಿಟ್ಟು ಸುಡುಸುಣ್ಣವಾಗುವುದನ್ನು ಕಂಡವರು ಇದನ್ನು ಊಹಿಸಿಕೊಳ್ಳಬಹುದು. ಭೇದವೆಂದರೆ ಇಲ್ಲಿಯ ಭಟ್ಟಿಯನ್ನು ಲಕ್ಷಾಂತರ ವರ್ಷ ಆರಿಸುವುದಿಲ್ಲ. ಬಿಸಿದ್ರವಗಳು ಬಂಡೆಯ ಬಿರುಕುಗಳಲ್ಲಿ ಹರಿದೆಡೆಯಲ್ಲಿಯೂ ರೋಡೋನೈಟ್ ಹುಟ್ಟುವುದುಂಟು. ಆಸ್ಟ್ರೇಲಿಯದ ಬ್ರೋಕನ್ ಹಿಲ್, ಅಮೆರಿಕದ ಫ್ರ್ಯಾಂಕ್ಲಿನ್ ಗಣಿಗಳ ಹರಳುಗಳು ಲೋಕಪ್ರಸಿದ್ಧವಾದವು.

ನಮ್ಮ ದೇಶದಲ್ಲಿ ಇದರ ತವರು ನಾಗಪುರ, ಭಂಡಾರಾ, ಬಾಲಾಘಾಟ, ಛಿಂದವಾಡಾ ಸೀಮೆ. ಅಲ್ಲಿಯ ಕೆಸರುಗಲ್ಲುಗಳು ಸುಮಾರು ನೂರು ಕೋಟಿ ವರ್ಷಗಳ ಹಿಂದೆ ಬೆಂದು ಮಾರ್ಪಟ್ಟವು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯ ಲೂಯಿಸ್ ಫರ್ಮರ್ ಎಂಬವರು ಆ ಕಾಡುಗಳನ್ನು ಸುತ್ತಿ, ದೇಶದ ಮ್ಯಾಂಗನೀಸ್ ಅದಿರುಗಳನ್ನು ಕುರಿತು 1909ರಲ್ಲಿ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದರು. ಮ್ಯಾಂಗನೀಸಿನ ಗಾರ್ನೆಟ್ಟು, ಬಿಳಿಗಲ್ಲು, ಕೆಲವೆಡೆ ರೋಡೋನೈಟುಗಳಿಂದ ಕೂಡಿದ ಆ ಶಿಲೆಗೆ ಅವರು ಅಲ್ಲಿಯ ಗೋಂಡ ಜನರ ನೆನಪಿಗಾಗಿ ‘ಗೋಂಡೈಟ್’ ಎಂದು ಹೆಸರಿಟ್ಟರು. ಶಿಲಾಶಾಸ್ತ್ರದ ಪುಸ್ತಕಗಳಲ್ಲಿ ಜರ್ಮನರ, ಇಂಗ್ಲಿಷರ ಹೆಸರುಗಳ ನಡುವೆ ಈ ಹೆಸರೊಂದು ಕೂತಿರುವುದು ನಮಗೆ ಯಾವಾಗಲೂ ಸಂತೋಷವನ್ನುಂಟುಮಾಡುತ್ತದೆ. ಆದರೆ ಗಣಿಯವರಿಗೆ ರೋಡೋನೈಟ್ ಬಂದರೆ ಸಂತೋಷವಿಲ್ಲ. ಉಕ್ಕಿನ ಕುಲುಮೆಗೆ ಬೇಕಾದುದು ಕರಿಯ ಆಕ್ಸೈಡು ಅದಿರು. ಗುಲಾಬಿಯ ಕಲ್ಲಿನಲ್ಲಿ ಸಿಲಿಕಾ ಹೆಚ್ಚು, ಲೋಹ ಕಡಿಮೆ. ಊರವರು ಮಾಣಿಕವೆಂದು ಕರೆದ ಹೆಸರಿನ ಕಲ್ಲನ್ನು ನಾವು ಬುಟ್ಟಿಗಟ್ಟಲೆ ಕಸದ ದಿಬ್ಬಕ್ಕೆ ಸುರಿಸಿದ್ದೇವೆ.

ಕನ್ನಡಿಗರಿಗೆ ಮ್ಯಾಂಗನೀಸ್ ಎಂದೊಡನೆ ಸಂಡೂರು ನೆನಪಾಗುತ್ತದೆ. 1954ರಲ್ಲಿ ಅಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ ಸ್ಥಾಪಿತವಾಯಿತು. ಶಿವಮೊಗ್ಗ, ಚಿತ್ರದುರ್ಗ, ಉತ್ತರ ಕನ್ನಡಗಳಲ್ಲಿಯೂ ಅದಿರುಂಟು. ಅಲ್ಲಿ ದೊರೆಯುವುದೆಲ್ಲ ಬಹುಮಟ್ಟಿಗೆ ಕೈಗೆ ಮಸಿ ಹತ್ತಿಸುವ ಕರಿಯ ಅದಿರು: ಧಾರವಾಡ ಶಿಲೆಗಳು ಮಳೆಗಾಳಿಗೆ ಶಿಥಿಲವಾಗಿ, ಕರಗುವುದೆಲ್ಲ ಕರಗಿ ಹೋಗಿ ಉಳಿದುದು. ಗುಲಾಬಿಯನ್ನು ಕಾಣಬೇಕೆಂದವರು ಸಂಡೂರಿಗೆ ಹೋಗಬೇಕಾದುದು ಕಲ್ಲಿಗಾಗಿ ಅಲ್ಲ.

ಬೆಲೆಯ ಮಾತನ್ನೂ ಹೇಳಿಬಿಡುತ್ತೇವೆ, ಏಕೆಂದರೆ ತಂಗಿಯ ಮನೆಯಲ್ಲಿ ಎಲ್ಲರೂ ಮೊದಲು ಕೇಳಿದ್ದು ಅದನ್ನೇ. ರಷ್ಯದ ಯೂರಲ್ ಬೆಟ್ಟಗಳಲ್ಲಿ ರೋಡೋನೈಟಿನ ದೊಡ್ಡ ದೊಡ್ಡ ಬಂಡೆಗಳಿವೆ. ಅಲ್ಲಿಯವರು ಅದನ್ನು ಹದ್ದಿನ ಕಲ್ಲೆಂದು ಕರೆಯುತ್ತಾರೆ. ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ರಾಣಿಯ ಸಮಾಧಿಪೆಟ್ಟಿಗೆಯು ಸೇಂಟ್ ಪೀಟರ್ಸ್‌ಬರ್ಗಿನ ದೇವಾಲಯದಲ್ಲಿ ಈ ಕಲ್ಲಿನದೇ. ಮಾಸ್ಕೋ ನಗರದಲ್ಲಿ 1938ರಲ್ಲಿ ತೆರೆದ ಮಾಯಕೋವ್ಸ್ಕಯಾ ಎಂಬ ನೆಲದಡಿಯ ರೈಲು ನಿಲ್ದಾಣದ ಕಂಬಗಳಿಗೂ ಇದನ್ನು ಹೊದಿಸಿದ್ದಾರೆ. ನಿಲ್ದಾಣದ ಕಂಬಕ್ಕೆ ಹೊದಿಸುವಷ್ಟು ಸಿಗುವ ಕಲ್ಲನ್ನು ಮಾಣಿಕ್ಯದ ಪಂಕ್ತಿಯಲ್ಲಿ ಕೂಡಿಸಬಹುದೇ? ಪಾರದರ್ಶಕವಾದ ಹರಳು ಅಪರೂಪ, ಅದಕ್ಕೆ ಬೆಲೆಯುಂಟು. ಉಳಿದುದು ಅಲಂಕಾರದ ಕಲ್ಲು. ಆದುದರಿಂದ ಬಾವಿಯ ಕಲ್ಲು ರೋಡೋನೈಟೇ ಆಗಿದ್ದರೂ ಪಾಟಲಿ ಒತ್ತೆಯಿಡುವ ಕಾರಣವಿರಲಿಲ್ಲ.

ಅದು ರೋಡೋನೈಟಾಗಿರಲೂ ಇಲ್ಲ. ಬಸಾಲ್ಟಿನಲ್ಲಿ ಮ್ಯಾಂಗನೀಸ್ ನೂರಕ್ಕೆ ಒಂದು ಪಾಲೂ ಇರುವುದಿಲ್ಲ, ಇರುವುದೂ ಎಲ್ಲೆಡೆ ಚೆದರಿಕೊಂಡಿರುತ್ತದೆ. ಅಂಥ ಲಾವಾದ ಪೊಟರೆಗಳಲ್ಲಿ ಈ ಖನಿಜವನ್ನು ಹುಡುಕುವುದು ಜೋಳದ ಹೊಲದಲ್ಲಿ ಅಡಕೆ ಹುಡುಕಿದಂತೆ. ಬಾಯಿಮಾತಿನಿಂದ ಮನೆಯವರಿಗೆ ಸಮಾಧಾನವಾಗಲಾರದೆಂದು ಕಂಡು ಅಂಗಳದಲ್ಲಿಯೇ ಪರೀಕ್ಷೆಗೆ ಕೂತೆವು. ಚಾಕುವಿನಿಂದ ಗೀಚಿದರೆ ಹರಳು ಸುಲಭವಾಗಿ ಗೀರಿತು. ಅಕ್ಕಸಾಲಿಗನ ತಕ್ಕಡಿ ತರಿಸಿ, ಕರಿಕಲ್ಲಿನಿಂದ ಬಿಡಿಸಿದ ಒಂದು ತುಂಡನ್ನು ತೂಗಿದೆವು: 44 ಗ್ರಾಂ. ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ 24. ಕಳೆದ 20 ಗ್ರಾಮಿನಿಂದ 44ನ್ನು ಭಾಗಿಸಿದರೆ ಎರಡೂ ಕಾಲಿಗಿಂತ ಕಡಿಮೆ. ರೋಡೋನೈಟಿಗೆ ಮೂರೂವರೆ ಬರಬೇಕಾಗಿತ್ತು. ಲೆಕ್ಕವನ್ನು ಸೋದರಳಿಯನೇ ಮಾಡಿದನು, ಮಾಡಿ ಸುಮ್ಮನಾದನು.

ಮೂರನೆಯ ಪರೀಕ್ಷೆ ಬೆಂಕಿಯದು. ಚೂರೊಂದನ್ನು ಶಾಲೆಯ ಗಾಜಿನ ನಳಿಗೆಯಲ್ಲಿ ಹಾಕಿ ಒಲೆಯ ಉರಿಗೆ ಹಿಡಿದೆವು. ಹರಳು ಉಬ್ಬಿ, ಎಸಳೆಸಳಾಗಿ ಬಿಚ್ಚಿ, ಬಿಳಿದಾಯಿತು. ನಳಿಗೆಯ ಮೇಲ್ಭಾಗದ ತಣ್ಣನೆಯ ಗಾಜಿಗೆ ಸಣ್ಣ ಸಣ್ಣ ಹನಿಗಳು ಕಟ್ಟಿದವು. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬವನು ಇದೇ ಆಟವನ್ನು ಕಂಡು ಇಂಥ ಖನಿಜಗಳಿಗೆ ‘ಕುದಿಯುವ ಕಲ್ಲು’ ಎಂಬರ್ಥದಲ್ಲಿ ಜಿಯೊಲೈಟ್ ಎಂದು ಹೆಸರಿಟ್ಟನು. ನಮ್ಮ ಕಲ್ಲು ಆ ಕುಲದ ಸ್ಟಿಲ್ಬೈಟ್. ಲಾವಾ ಆರುವಾಗ ಅದರೊಳಗಿನ ಗಾಳಿಗುಳ್ಳೆಗಳು ಪೊಟರೆಗಳಾಗಿ ಉಳಿದವು. ಮುಂದೆ ಬಂಡೆಯೊಳಗೆ ಇಳಿದ ಬಿಸಿನೀರು ತಾನು ಕರಗಿಸಿ ತಂದುದನ್ನು ಆ ಪೊಟರೆಗಳಲ್ಲಿ ಹರಳುಗಟ್ಟಿಸಿ, ತನ್ನ ಒಂದು ಅಂಶವನ್ನೂ ಅದರಲ್ಲಿಯೇ ಬಿಟ್ಟುಹೋಯಿತು. ಒಂದು ಕಿಲೋ ಸ್ಟಿಲ್ಬೈಟಿನಲ್ಲಿ 170 ಗ್ರಾಮಿಗೂ ಮೀರಿ ನೀರಿರುತ್ತದೆ.

ತಂಗಿಯು ಹನಿಗಳನ್ನು ಬಹಳ ಹೊತ್ತು ನೋಡಿದಳು. “ಅಣ್ಣಾ, ಬಾವ್ಯಾಗ ಬರಲಾರದ ನೀರು ಈ ಕಲ್ಲಾಗ ಕುಂತೈತೇನು?” ಎಂದಳು. ಆರು ಕಿಲೋ ಹರಳು ಕಾಸಿದರೆ ಒಂದು ತಂಬಿಗೆ ನೀರು ಬಂದೀತು, ಅದಕ್ಕೆ ಸುಡುವ ಕಟ್ಟಿಗೆ ಎಷ್ಟೆಂದು ನೀನೇ ನೋಡು ಎಂದೆವು. ಅವಳು ನಗಲಿಲ್ಲ. ಜತ್ತ ಸೀಮೆಯಲ್ಲಿ ನೀರಿನ ಮಾತು ನಗೆಯ ಮಾತಲ್ಲವೆಂಬುದನ್ನು ನಾವೂ ಬಲ್ಲೆವು. ಈ ತಾಲೂಕಿನ ಹಲವು ಗ್ರಾಮಗಳು ನೀರಿಗಾಗಿ ಬೇಸತ್ತು ಕರ್ನಾಟಕಕ್ಕೆ ಸೇರುತ್ತೇವೆಂದು 2012ರಲ್ಲಿ ಠರಾವು ಮಾಡಿದ್ದವು, 2022ರಲ್ಲಿ ಆ ಮಾತು ಮತ್ತೆ ಎದ್ದು ಎರಡು ರಾಜಧಾನಿಗಳಲ್ಲಿಯೂ ಗದ್ದಲವಾಯಿತು.

ಕಲ್ಲು ನಿಷ್ಪ್ರಯೋಜಕವೆಂದು ಮಾತ್ರ ನಾವು ಹೇಳಲಾರೆವು. ಪುಣೆ, ನಾಶಿಕ, ಜಳಗಾವಗಳ ಕಲ್ಲುಗಣಿಗಳಿಂದ ತೆಗೆದ ಇಂಥ ಹರಳುಗಳು ದೇಶವಿದೇಶಗಳ ಸಂಗ್ರಹಾಲಯಗಳಲ್ಲಿವೆ. ಆದರೆ ಸಂಗ್ರಾಹಕರಿಗೆ ಬೇಕಾದುದು ಮುಕ್ಕಾಗದ ಗೊಂಚಲು. ಸುರಂಗ ಹಾರಿಸಿ ತೆಗೆದ ನಮ್ಮವರ ರಾಶಿಯಲ್ಲಿ ಮುಕ್ಕಾಗದುದು ಒಂದೂ ಇರಲಿಲ್ಲ. ಅದಕ್ಕಿಂತ ಮುಖ್ಯವಾದುದನ್ನು ಆ ಕಲ್ಲು ಹೇಳುತ್ತಿತ್ತು. ಬಸಾಲ್ಟಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ, ಶಿಥಿಲವಾದ ಪದರದಲ್ಲಿ, ಒಂದು ಲಾವಾಪದರ ಮುಗಿದು ಇನ್ನೊಂದು ತೊಡಗುವ ಸಂದಿನಲ್ಲಿ. ಪೊಟರೆಗಳೆಲ್ಲ ಹರಳಿನಿಂದ ತುಂಬಿ, ಬಂಡೆ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ನೀರಿಗೆ ಅಲ್ಲಿ ಎಡೆಯೇ ಇಲ್ಲ. ಬಾವಿಯ ತಳದಲ್ಲಿದ್ದುದು ಅಂಥದೇ ಬಂಡೆ. ಗೋಡೆಯನ್ನು ನೋಡುತ್ತ ಮೇಲೇರಿದರೆ, ತಳದಿಂದ ಎರಡಾಳು ಎತ್ತರದಲ್ಲಿ ಕೆಂಪು ಮಣ್ಣಿನಂಥ ಒಂದು ಗೆರೆ ಸುತ್ತಲೂ ಹರಿದಿತ್ತು, ಬೇಸಗೆಯಲ್ಲಿಯೂ ಅದರ ಒಂದು ಮಗ್ಗುಲಿನಲ್ಲಿ ಪಾಚಿ ಕಟ್ಟಿತ್ತು. ಇನ್ನು ಕೆಳಗಿಳಿಯುವುದು ಬೇಡ, ಆ ಗೆರೆಯ ಗುಂಟ ಅಡ್ಡ ಬೋರು ಹಾಕಿಸಿ ನೋಡಿರಿ ಎಂದೆವು. ಆಳ ಮಾಡಿಸುವುದಕ್ಕಿಂತ ಅದರ ಖರ್ಚು ಕಡಿಮೆ. ಎರಡು ಆಡು ಮಾರಿದ ಹಣದಲ್ಲಿಯೇ ಆಯಿತು.

ಮೂರು ಅಡ್ಡ ಬೋರುಗಳಲ್ಲಿ ಎರಡು ಒಣಗಿದ್ದವು. ಪಾಚಿಯ ಮಗ್ಗುಲಿನದರಿಂದ ಕಿರುಬೆರಳ ಗಾತ್ರದ ನೀರು ಇಳಿಯುತ್ತಿದೆ. ರಾತ್ರಿಯೆಲ್ಲ ಕೂಡಿದ ನೀರನ್ನು ಬೆಳಗ್ಗೆ ಮೋಟಾರು ಮುಕ್ಕಾಲು ಗಂಟೆಯಲ್ಲಿ ಎತ್ತಿಬಿಡುತ್ತದೆ. ದನಗಳಿಗೂ ಅರ್ಧ ಎಕರೆ ಮೇವಿನ ಜೋಳಕ್ಕೂ ಅದು ಸಾಲುತ್ತದೆ, ದ್ರಾಕ್ಷಿಗೆ ಸಾಲುವುದಿಲ್ಲ. ಸೋದರಳಿಯನು ಗುಲಾಬಿಯ ತುಣುಕುಗಳನ್ನು ಶಾಲೆಯ ಹುಡುಗರಿಗೆ ಹಂಚಿ, ತಾನೊಂದನ್ನು ಇಟ್ಟುಕೊಂಡು, ಅದರ ಮೇಲೆ ಕಾಗದ ಅಂಟಿಸಿ ‘ಸ್ಟಿಲ್ಬೈಟ್, 2.2’ ಎಂದು ಬರೆದಿದ್ದಾನೆ.